ಉಪ್ಪುನೀರು

ತನ್ನ ಹೊಲದ ಹೊಟ್ಟೆಯಲ್ಲೇ ಕಾವೇರಿ ಹರಿಯುತ್ತಿರುವಾಗ ಮೈ ತೊಳೆಯಲು ಟ್ಯಾಂಕರ್ ಕಾಯಬೇಕಾದ ಗಂಡಸಿಗೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ. ದೇವರಾಜನಿಗೆ ಬಂದಿತ್ತು. ಹೆಬ್ಬಗೋಡಿಯಿಂದ ಒಳಕ್ಕೆ ಹೋದರೆ ಸಿಗುವ ಹುಣಸೇಪಾಳ್ಯದಲ್ಲಿ ಅವನಿಗಿದ್ದದ್ದು ಒಂದಿಷ್ಟು ಕಲ್ಲುನೆಲ, ಅದರ ಅಂಚಿನಲ್ಲಿ ಅಪ್ಪ ಕಟ್ಟಿದ ಮನೆ, ಮನೆಯ ಹಿಂದೆ ಬಾಡಿಗೆಗೆಂದು ತಾನು ಕಟ್ಟಿಸಿದ ಸಾಲು ಕೋಣೆಗಳು. ಆ ನೆಲವನ್ನು ಅಡ್ಡಡ್ಡ ಸೀಳಿಕೊಂಡು ಮಣ್ಣಿನಡಿಯಲ್ಲಿ ಒಂದು ದೊಡ್ಡ ಕಬ್ಬಿಣದ ಪೈಪು ಹೋಗಿತ್ತು. ದೂರದ ಫ್ಯಾಕ್ಟರಿಗಳಿಗೂ ಗಾಜಿನ ಕಟ್ಟಡಗಳಿಗೂ ಅದು ಕಾವೇರಿ ನೀರು ಒಯ್ಯುತ್ತಿತ್ತು. ಪೈಪು ಹೂಳುವಾಗ ಬಂದಿದ್ದ ಸಾಹೇಬರು, ನಿಮ್ಮೂರಿಗೂ ಒಂದು ಕನೆಕ್ಷನ್ ಕೊಡುತ್ತೇವೆ ಅಂತ ಹೇಳಿ ಅವನಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಅಪ್ಪ ಸತ್ತ. ಕನೆಕ್ಷನ್ ಬರಲಿಲ್ಲ. ಬಸ್ಸುಗಳ ಗದ್ದಲ ಇಲ್ಲದಾಗ ನೆಲಕ್ಕೆ ಕಿವಿಯಿಟ್ಟರೆ ನೀರು ಹೋಗುವ ಸದ್ದು ಕೇಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ದೇವರಾಜ ಎಂದೂ ಕಿವಿಯಿಟ್ಟು ನೋಡಲಿಲ್ಲ. ಹೊಟ್ಟೆ ಉರಿಸಿಕೊಳ್ಳಲು ಅಷ್ಟೊಂದು ಬಗ್ಗಬೇಕಾಗಿರಲಿಲ್ಲ.

ಊರಿನಲ್ಲಿ ನೀರು ಬರುವ ಬೋರ್‌ವೆಲ್ ಅಂತ ಇದ್ದದ್ದು ನಂಜಪ್ಪನದೊಂದೇ. ನಂಜಪ್ಪ ಅವನ ದೊಡ್ಡಪ್ಪನ ಮಗ. ರಸ್ತೆಬದಿಯ ಜಮೀನು ದೊಡ್ಡಪ್ಪನ ಪಾಲಿಗೆ, ಕಲ್ಲುನೆಲ ಅಪ್ಪನ ಪಾಲಿಗೆ ಬಂದಾಗಲೇ ಮುಂದಿನದೆಲ್ಲ ತೀರ್ಮಾನವಾಗಿಹೋಗಿತ್ತು. ನಂಜಪ್ಪನ ಬೋರಿನದು ಉಪ್ಪುನೀರು. ನಲ್ಲಿಯ ಮೂತಿಗೆ ಬಿಳಿ ಪೊರೆ ಕಟ್ಟುತ್ತಿತ್ತು, ತಲೆಗೂದಲು ತೆಂಗಿನ ನಾರಾಗುತ್ತಿತ್ತು. ಆದರೇನು, ಅದಕ್ಕೂ ಜನ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು. ದೇವರಾಜನ ಅಪ್ಪ ಕೊರೆಸಿದ ಬೋರೂ ಮನೆಯ ಪಕ್ಕದಲ್ಲೇ ಇತ್ತು, ಬಾಯಿಗೆ ತಗಡು ಮುಚ್ಚಿಕೊಂಡು. ಅದರಲ್ಲಿ ಬರೀ ಗಾಳಿ.

ನೀರಿಲ್ಲದ ಕೋಣೆಗಳಲ್ಲಿ ಯಾರಿರುತ್ತಾರೆ? ಕೊಪ್ಪಳದ ಕಡೆಯ ರುಕ್ಮವ್ವ, ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು, ಎಲ್ಲರಿಗಿಂತ ಕಡೆಯವರೆಗೆ ಉಳಿದಿದ್ದಳು. ಅವಳೂ ಗಂಟು ಕಟ್ಟಿದಳು. "ಮನಿ ಚಲೋ ಐತ್ರಿ ಅಣ್ಣಾರ, ನಿಮ್ಮ ಅವ್ವ ನನ್ನ ಹಡದವ್ವನಂಗ. ಆದ್ರ ನೀರಿಲ್ದ ಹ್ಯಾಂಗ ಬದುಕೂದ್ರಿ? ಹೊತ್ಕೊಂಡು ಬಂದ ನೀರಾಗ ಬ್ಯಾಳಿ ಸೈತ ಬೇಯಂಗಿಲ್ಲ" ಎಂದು ಕಣ್ಣೊರೆಸಿಕೊಂಡು ನಂಜಪ್ಪನ ಬಾಡಿಗೆ ಕಟ್ಟಡಕ್ಕೆ ಹೋದಳು. ಅಲ್ಲಿಯ ನೀರಿನಲ್ಲೂ ಬೇಯುತ್ತಿರಲಿಲ್ಲ ಅನ್ನಿ, ಆದರೆ ಅಲ್ಲಿ ಹೊರುವ ಕೆಲಸ ಇರಲಿಲ್ಲ. ಅವಳ ಹಿಂದೆಯೇ ದೇವರಾಜನ ಹೆಂಡತಿ ಮಂಜುಶ್ರೀಯೂ ಬ್ಯಾಗು ತುಂಬಿಸಿದಳು. ಜಗಳ ಆಡಲಿಲ್ಲ, ಅಳಲಿಲ್ಲ. "ನಲ್ಲೀಲಿ ನೀರು ಬಂದ ದಿನ ಫೋನ್ ಮಾಡಿ, ಬರ್ತೀನಿ" ಎಂದಷ್ಟೇ ಹೇಳಿ ಮಾರತ್ತಹಳ್ಳಿಯ ತವರಿಗೆ ಹೊರಟುಹೋದಳು. ಕೂಗಾಡಿದ್ದರೆ ದೇವರಾಜ ತಿರುಗಿ ಕೂಗಾಡಿ ಹಗುರಾಗುತ್ತಿದ್ದ. ಆ ತಣ್ಣಗಿನ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಮಾನ ಬಿಟ್ಟು ನಂಜಪ್ಪನ ಮುಂದೆ ಹೋಗಿ ನಿಂತ. ನಿನ್ನ ಬೋರಿನಿಂದ ನನ್ನ ಮನೆಗೊಂದು ಲೈನು ಎಳೆದುಕೊಳ್ಳುತ್ತೇನೆ ಅಂದ. ನಂಜಪ್ಪ ಟ್ಯಾಂಕರಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಎಲೆ ಮಡಿಸುತ್ತಿದ್ದ.

"ಫೋಟೋ ಸ್ಟುಡಿಯೋ ಇಟ್ಟೆ, ಮುಚ್ಕೊಂಡೆ. ರೂಮ್ ಕಟ್ಟಿದೆ, ಖಾಲಿ ಬಿದ್ದವೆ. ಹೆಂಡ್ತಿ ತಂದೆ, ಓಡೋದ್ಲು" ಎಂದು ನಂಜಪ್ಪ ನಗುತ್ತಲೇ ಹೇಳಿದ. "ಇವಾಗ ನೀರಿನ ಯವಾರಕ್ಕೆ ಬಂದಿದ್ದೀಯ. ಈ ಊರಲ್ಲಿ ನಿನ್ನ ಬೇಳೆ ಬೇಯಲ್ಲ ಕಣೋ ದೇವ. ಲೈನೂ ಇಲ್ಲ, ಗೀನೂ ಇಲ್ಲ. ಬೇಕಾದ್ರೆ ಸಾಲಲ್ಲಿ ನಿಂತ್ಕೋ."

ಅಲ್ಲಿದ್ದ ನಾಲ್ಕು ಜನ ನಕ್ಕರು. ದೇವರಾಜನೂ ನಕ್ಕ. ಹಾಗೆ ನಗಬೇಕಾಗಿ ಬಂದದ್ದಕ್ಕೇ ಅವನು ನಂಜಪ್ಪನನ್ನು ಎಂದೂ ಕ್ಷಮಿಸಲಿಲ್ಲ.

ಆಸೆ ಹುಟ್ಟಿಸಿದವನು ಪರಮಾನಂದ. ಬೆಳೆಯುವ ನಗರಕ್ಕೆ ಮುಂದಿನ ಇಪ್ಪತ್ತೈದು ವರ್ಷ ನೀರು ಎಲ್ಲಿಂದ ತರಬೇಕು ಎಂಬ ಯೋಜನೆಯನ್ನು ಸರ್ಕಾರ ಒಂದು ಕಂಪನಿಗೆ ಒಪ್ಪಿಸಿತ್ತು. ಅದರ ಇಂಜಿನಿಯರ್ ಅವನು, ಕಲಬುರಗಿ ಕಡೆಯವನು. ಶಾಲೆಯ ಜಗಲಿಯಲ್ಲಿ ಸಭೆ ಸೇರಿಸಿ, ಗೋಡೆಗೆ ಬಣ್ಣಬಣ್ಣದ ನಕ್ಷೆ ಅಂಟಿಸಿ ವಿವರಿಸಿದ. ನಕ್ಷೆಯಲ್ಲಿ ಈಗಿನ ಬೆಂಗಳೂರು ಸಣ್ಣ ಕೆಂಪು ಚುಕ್ಕೆ. ಇಪ್ಪತ್ತೈದು ವರ್ಷದ ಮೇಲಿನದು ಹುಣಸೇಪಾಳ್ಯವನ್ನೂ ನುಂಗಿ ಆಚೆಗೆ ಹೋಗಿದ್ದ ದೊಡ್ಡ ಗಾಯ.

"ನದಿ ನೀರು ಎಲ್ಲಾರಿಗೂ ಸಾಲಂಗಿಲ್ರಿ" ಎಂದ ಪರಮಾನಂದ. "ಅದಕ್ಕ ಪ್ರತಿ ಊರಾಗ ಚಲೋ ಬೋರ್ ಇದ್ರ ಸರ್ಕಾರನೇ ತಗೊಂಡು ಪಂಪ್‌ಹೌಸ್ ಕಟ್ಟಬೇಕಂತ ಅದ. ಉಪ್ಪುನೀರಿದ್ರೂ ಅಡ್ಡಿಯಿಲ್ಲ, ಶುದ್ಧ ಮಾಡೂದು ನಮ್ಮ ಕೆಲಸ. ನೀರು ಎಷ್ಟದ, ಅದನ್ನ ಮೊದ್ಲು ತೋರಸ್ರಿ."

ಪಂಪ್‌ಹೌಸ್ ಯಾರ ಜಾಗದಲ್ಲೋ ಅದನ್ನು ನೋಡಿಕೊಳ್ಳುವ ಗುತ್ತಿಗೆಯೂ ಅವರದೇ, ಮೊದಲ ನಲ್ಲಿಯೂ ಅವರ ಮನೆಗೇ. ಎಲ್ಲರೂ ನಂಜಪ್ಪನ ಕಡೆ ನೋಡಿದರು. ನಂಜಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಆದರೆ ಅವನ ಬೋರು ಬೇಸಿಗೆಯಲ್ಲಿ ಒಂದು ಹೊತ್ತಿಗೆಲ್ಲ ಉಸಿರು ಬಿಡುತ್ತದೆ ಎನ್ನುವುದು ದೇವರಾಜನಿಗೆ ಗೊತ್ತಿತ್ತು. ಮನೆಗೆ ಬಂದವನು ತಗಡು ಸರಿಸಿ ತನ್ನ ಸತ್ತ ಬೋರಿನ ಬಾಯನ್ನು ಸುಮ್ಮನೆ ನೋಡುತ್ತ ನಿಂತ. ಅಲ್ಲಿಂದ ಒಂದು ಹತ್ತು ಹೆಜ್ಜೆ ಆಚೆಗೆ, ಮಣ್ಣಿನಡಿಯಲ್ಲಿ, ಪೈಪು ಹೋಗುತ್ತಿತ್ತು. ಬರೀ ಹತ್ತು ಹೆಜ್ಜೆ!

ನೀರು ಕದಿಯುವವರು ಬೇಕಾದಷ್ಟು ಜನ ಇದ್ದರು. ಅವರೆಲ್ಲ ದಡ್ಡರು ಎಂದು ದೇವರಾಜನ ಅಭಿಪ್ರಾಯ. ಪೈಪಿಗೆ ತೂತು ಹಾಕಿ ಟ್ಯಾಂಕರಿಗೆ ತುಂಬಿಸಿಕೊಳ್ಳುತ್ತಾರೆ, ಯಾರೋ ಹೊಟ್ಟೆಕಿಚ್ಚಿನವನು ಫೋನು ಮಾಡುತ್ತಾನೆ, ಸಿಕ್ಕಿಬೀಳುತ್ತಾರೆ. ಅವನ ಉಪಾಯ ಬೇರೆಯದೇ. ಪೈಪಿನ ನೀರನ್ನು ಗುಟ್ಟಾಗಿ ತನ್ನ ಒಣಬೋರಿನೊಳಕ್ಕೆ ಬಿಡುವುದು. ಬೋರಿನಿಂದ ಪಂಪು ಹಾಕಿ ಎಲ್ಲರ ಕಣ್ಣೆದುರೇ ಎತ್ತುವುದು. ಪರಮಾನಂದ ಬಂದು ಪರೀಕ್ಷೆ ಮಾಡಿ, ಭೇಷ್ ಎಂದು, ಬೋರನ್ನು ಸರ್ಕಾರಕ್ಕೆ ತಗೊಂಡು ಪಂಪ್‌ಹೌಸ್ ಕಟ್ಟಿಬಿಟ್ಟರೆ ಆಮೇಲೆ ಅಗೆದು ನೋಡುವವರು ಯಾರು? ಪೈಪಿನಲ್ಲಿ ನೀರು ಕಮ್ಮಿಯಾದರೆ ಸೋರಿಕೆ ಎಂದುಕೊಂಡು ಬೇರೆಲ್ಲೋ ಅಗೆಯುತ್ತಾರೆ. ಕದ್ದ ಮಾಲನ್ನು ಪೊಲೀಸ್ ಠಾಣೆಯೊಳಗೇ ಇಟ್ಟು, ಕಾವಲಿಗೆ ಪೊಲೀಸರನ್ನೇ ಕೂರಿಸಿದ ಹಾಗೆ. ಸರ್ಕಾರದ ನೀರನ್ನು ಸರ್ಕಾರಕ್ಕೇ ಕೊಟ್ಟು ಹಾರ ಹಾಕಿಸಿಕೊಳ್ಳುವುದು! ಈ ಯೋಚನೆ ಹೊಳೆದಾಗ ದೇವರಾಜ ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಒಳಗಿನಿಂದ ಅವನವ್ವ ಚಿಕ್ಕಮುನಿಯಮ್ಮ, "ಯಾರ್ಲಾ ಬಂದವ್ರೆ?" ಎಂದು ಕೂಗಿದಳು.

ಕೈಯಾಳು ಸಿಗುವುದು ಕಷ್ಟವಾಗಲಿಲ್ಲ. ಕೊಟ್ರಪ್ಪ ಬಳ್ಳಾರಿ ಕಡೆಯವನು, ಪೀಣ್ಯದಲ್ಲಿ ವೆಲ್ಡಿಂಗ್ ಕಲಿತವನು, ನೀರು ಹರಿಯುತ್ತಿರುವಾಗಲೇ ಪೈಪಿಗೆ ತೂತು ಕೊರೆದು ವಾಲ್ವ್ ಕೂರಿಸುವ ಕೈಚಳಕ ಇದ್ದವನು. ಗುಟ್ಟು ಬಿಡುವ ಬಾಯಲ್ಲ. ಬಾಡಿಗೆಯಿಲ್ಲದ ಎರಡು ಕೋಣೆ ಕೊಡುತ್ತೇನೆ, ಊರಿಂದ ಹೆಂಡತಿ ಮಕ್ಕಳನ್ನು ಕರೆತಂದು ಇಟ್ಟುಕೋ ಅಂದದ್ದಕ್ಕೆ ಒಪ್ಪಿಕೊಂಡ.

"ತೂತು ಹಾಕೂದು ದೊಡ್ಡ ಮಾತಲ್ಲ ಬಿಡ್ರಿ ಅಣ್ಣಾರ" ಎಂದ ಕೊಟ್ರಪ್ಪ. "ಅಗಿಯೂದು ಮಂದಿ ನೋಡ್ತಾರಲ್ರಿ, ಅದಕ್ಕೇನ್ ಮಾಡ್ತೀರಿ?"

"ನೋಡ್ಲಿ ಬಿಡು. ಕಕ್ಕಸು ಗುಂಡಿ ತೋಡ್ತಾ ಇದ್ದೀವಿ ಅನ್ನು. ಯಾರೂ ಹತ್ರ ಬಂದು ಬಗ್ಗಿ ನೋಡಲ್ಲ."

ಹಾಗೆಯೇ ಆಯಿತು. ಹಾಡುಹಗಲಲ್ಲಿ, ಬೀದಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿರುವಾಗ, ಕೊಟ್ರಪ್ಪ ಗುಂಡಿಯೊಳಗೆ ಕೂತು ಪೈಪಿಗೆ ತೂತು ಹಾಕಿದ. ಅಲ್ಲಿಂದ ಸಣ್ಣ ಕೊಳವೆ ನೆಲದಡಿಯಲ್ಲೇ ಹಾದು ಬೋರಿನ ಪಕ್ಕೆಯೊಳಕ್ಕೆ ಸೇರಿಕೊಂಡಿತು. ನಡುವೆ ಕೂರಿಸಿದ ವಾಲ್ವಿನ ಮೇಲೆ ಬಟ್ಟೆ ಒಗೆಯುವ ಕಲ್ಲು ಎಳೆದಿಟ್ಟರು. ಗುಂಡಿ ಮುಚ್ಚಿದ ಮೇಲೆ ಅಲ್ಲಿ ಎರಡು ಬದನೆ ಗಿಡವನ್ನೂ ನೆಟ್ಟ ದೇವರಾಜ.

ಇಷ್ಟಕ್ಕೇ ನಿಲ್ಲಿಸುವವನಾಗಿದ್ದರೆ ಅವನು ಸಾಮಾನ್ಯ ಕಳ್ಳ. ಆದರೆ ಹದಿನೈದು ವರ್ಷ ಫೋಟೋ ಟಚಪ್ ಮಾಡಿದ ಕೈ ಅದು. ಹೆಣ್ಣು ನೋಡಲು ಕಳಿಸುವ ಫೋಟೋದಲ್ಲಿ ಮುಖವನ್ನು ತೀರ ಬೆಳ್ಳಗೆ ಮಾಡಿದರೆ ಗಂಡಿನ ಮನೆಯವರಿಗೆ ಅನುಮಾನ ಬರುತ್ತದೆ. ಮೊಡವೆ ಅಳಿಸಬೇಕು, ಮಚ್ಚೆ ಬಿಡಬೇಕು. ಮಚ್ಚೆ ಇದ್ದರೆ ಉಳಿದದ್ದನ್ನೆಲ್ಲ ಜನ ನಂಬುತ್ತಾರೆ. ಕಾವೇರಿ ಪೈಪಿನ ಪಕ್ಕದಲ್ಲೇ ಇರುವ ಸತ್ತ ಬೋರಿನಲ್ಲಿ ಇದ್ದಕ್ಕಿದ್ದಂತೆ ಸಿಹಿನೀರು ಬಂದರೆ ಪರಮಾನಂದನೇನು ಕಿವಿಗೆ ಹೂವಿಟ್ಟುಕೊಂಡಿರುತ್ತಾನೆಯೇ? ಊರಿನ ಬೇರೆ ಬೋರಿನ ಹಾಗೆ ಇದರಲ್ಲೂ ಉಪ್ಪುನೀರೇ ಬರಬೇಕು. ಉಪ್ಪುನೀರು ಬೇಕೆಂದರೆ ಉಪ್ಪು ಹಾಕಿದರಾಯಿತು. ಇದಕ್ಕೂ ಇಂಜಿನಿಯರಿಂಗ್ ಓದಬೇಕೇ!

ಪರಮಾನಂದ ಸಭೆಯ ದಿನ ಪೆನ್ನಿನಂಥ ಒಂದು ಮೀಟರನ್ನು ನಂಜಪ್ಪನ ನೀರಿನಲ್ಲಿ ಅದ್ದಿ, ಅದು ತೋರಿಸಿದ ಅಂಕಿಯನ್ನು ಗಟ್ಟಿಯಾಗಿ ಓದಿದ್ದ. ಅಂಥದೇ ಮೀಟರನ್ನು ದೇವರಾಜ ಫಿಲ್ಟರ್ ಮಾರುವವನ ಹತ್ತಿರ ಕೊಂಡುತಂದ. ಹೊಸೂರು ರಸ್ತೆಯ ಬೇರೆ ಬೇರೆ ಅಂಗಡಿಗಳಿಂದ ಹರಳುಪ್ಪಿನ ಮೂಟೆ ತಂದು, ದನವಿಲ್ಲದ ಕೊಟ್ಟಿಗೆಯಲ್ಲಿ ಡ್ರಮ್ಮಿಟ್ಟು ಕರಗಿಸಿದ. ಡ್ರಮ್ಮಿನಿಂದ ಹೊರಟ ತೆಳ್ಳನೆ ಕೊಳವೆ ನೆಲದಡಿಯಲ್ಲಿ ಬೋರಿಗೆ ಸೇರಿ, ಹನಿಹನಿಯಾಗಿ ಉಪ್ಪಿನ ನೀರನ್ನು ಬಿಡುತ್ತಿತ್ತು. ನಂಜಪ್ಪನ ನೀರು ತೋರಿಸಿದ್ದ ಅಂಕಿಯೇ ಇಲ್ಲೂ ಬರುವವರೆಗೆ ಹನಿಯನ್ನು ಹೆಚ್ಚು ಕಮ್ಮಿ ಮಾಡಿದ. ಬಂತು. ಎರಡೂ ನೀರನ್ನು ಎರಡು ಲೋಟದಲ್ಲಿಟ್ಟು ಕಣ್ಣುಮುಚ್ಚಿ ಕುಡಿದು ನೋಡಿದ. ನಾಲಿಗೆಗೂ ಹೆಚ್ಚು ವ್ಯತ್ಯಾಸ ಸಿಗಲಿಲ್ಲ.

ಪೈಪಿನ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆಯಿತ್ತು. ಅದಕ್ಕೂ ಮದ್ದು ಅವನ ಅಟ್ಟದ ಮೇಲೇ ಸಿಕ್ಕಿತು. ಸ್ಟುಡಿಯೋದ ಪಕ್ಕ ಬಣ್ಣದ ಮೀನು ಮಾರುತ್ತಿದ್ದವನು, ನಲ್ಲಿನೀರಿಗೆ ಮೀನು ಸಾಯುತ್ತವೆ ಎಂದು ಅವನ ಹತ್ತಿರ ಫೋಟೋ ತೊಳೆಯುವ ಹೈಪೋ ಹರಳು ಬೇಡಿಕೊಂಡು ಹೋಗುತ್ತಿದ್ದ. ಎರಡು ಹರಳು ಹಾಕಿದರೆ ಬ್ಲೀಚಿಂಗ್ ಸತ್ತುಹೋಗುತ್ತಿತ್ತು. ಮಿಕ್ಕಿದ್ದ ಹೈಪೋವನ್ನೆಲ್ಲ ದೇವರಾಜ ಉಪ್ಪಿನ ಡ್ರಮ್ಮಿಗೆ ಸುರಿದ. ಹಾಳಾದ ಸ್ಟುಡಿಯೋ ಕಡೆಗೂ ಒಂದು ಉಪಕಾರ ಮಾಡಿತು.

ಇನ್ನು ಉಳಿದದ್ದು ಲ್ಯಾಬು. ಇಂಜಿನಿಯರು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ, ಲ್ಯಾಬಿನವರು ನೂರೆಂಟು ಕೆದಕುತ್ತಾರೆ. ಅಲ್ಲಿ ಟಚಪ್ ನಡೆಯುವುದಿಲ್ಲ. ಅಲ್ಲಿಗೆ ನಂಜಪ್ಪನ ಬೋರಿನ ಅಸಲಿ ನೀರೇ ಹೋಗಬೇಕು. ದೇವರಾಜ ನಂಜಪ್ಪನ ಸಾಲಿನಲ್ಲಿ ವಿನಯದಿಂದ ನಿಂತು ಒಂದು ಕೊಡ ಹಿಡಿದು ತಂದ. ನಂಜಪ್ಪನ ನೀರಿನಿಂದಲೇ ನಂಜಪ್ಪನಿಗೆ ಮಣ್ಣು ಮುಕ್ಕಿಸುವುದು ಎಂದುಕೊಂಡಾಗ ಕೊಡ ಹಗುರವೆನಿಸಿತು. ಬಾಟಲಿಗಳು ಜೀಪಿನ ಐಸ್‌ಪೆಟ್ಟಿಗೆಯಲ್ಲಿರುತ್ತವೆ. ಸಾಹೇಬರೂ ಡ್ರೈವರೂ ಊಟಕ್ಕೆ ಒಳಗೆ ಕೂತಾಗ ಕೊಟ್ರಪ್ಪ ಅವುಗಳನ್ನು ಖಾಲಿ ಮಾಡಿ ಈ ನೀರು ತುಂಬಿಸಿ ಅಲ್ಲೇ ಇಡುವುದು. ಬಾಟಲಿ ಅವರದೇ, ಚೀಟಿ ಅವರದೇ, ನೀರು ಮಾತ್ರ ಇವರದು. ಅದಕ್ಕೆ ಊಟ ಆಗಲೇಬೇಕು, ಮತ್ತು ಊಟ ನಿಧಾನವಾಗಬೇಕು. "ಅವ್ವಾ, ಆವತ್ತು ಪಾಯಸ, ಹಪ್ಪಳ, ತೊವ್ವೆ ಎಲ್ಲಾ ಮಾಡು. ಬಡಿಸ್ತಾನೇ ಇರು, ಸಾಕು ಅಂದ್ರೂ ಬಿಡ್ಬೇಡ" ಎಂದು ತಾಯಿಗೆ ಹೇಳಿದ.

ಚಿಕ್ಕಮುನಿಯಮ್ಮನಿಗೆ ಅವನು ಸತ್ಯ ಹೇಳಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಬಾರದು, ಹಾಗಿರುವಾಗ ಸತ್ಯ ತಿಳಿಸಿದರೆ ಅಪಾಯ. ಪಂಪು ಇಳಿಸಿ ಮೊದಲ ಸಲ ನೀರೆತ್ತಿದ ದಿನ ಅವಳು ಬೋರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಸೆರಗು ಕಣ್ಣಿಗೊತ್ತಿಕೊಂಡು ಅತ್ತಳು. "ಮುನೇಶ್ವರ ಕಣ್ಣು ಬುಟ್ಟ ಕಣ್ಲಾ ಮಗಾ. ನಿಮ್ಮಪ್ಪ ಇರ್ಬೇಕಿತ್ತು. ಇನ್ನು ಮಂಜಿನ ಕರ್ಕೊಂಬಾ" ಅಂದಳು. ದೇವರಾಜನೂ ಬೋರಿಗೆ ಕೈಮುಗಿದ. ಅದು ಅಭಿನಯವಲ್ಲ, ನಿಜವಾಗಿಯೂ ಮುಗಿದ. ಮಗನಾಗಿ ಅವನು ಆ ನೀರನ್ನು ನಂಬಿದ, ಕಳ್ಳನಾಗಿ ವಾಲ್ವನ್ನು ಇನ್ನರ್ಧ ಸುತ್ತು ತಿರುಗಿಸಿದ.

ಪರೀಕ್ಷೆಗೆ ಮುಂಚಿನ ಕೆಲವು ದಿನ ಮನೆಯ ಬಳಕೆಗೂ ಆ ನೀರೇ. ಪಾತ್ರೆ ಬೆಳಗಿದಳು, ತಲೆಗೆ ನೀರು ಹಾಕಿಕೊಂಡಳು, ಬೆಳಿಗ್ಗೆ ಎದ್ದು ಹಾಡು ಗುನುಗತೊಡಗಿದಳು. ಅಲ್ಲಿಯವರೆಗೆ ಮಗ ಹೆಬ್ಬಗೋಡಿಗೆ ಹೊರಟಾಗಲೆಲ್ಲ "ಅಡಿಗೆ ಸೋಡಾ ಮರೀಬ್ಯಾಡ್ಲಾ" ಎಂದು ಬಾಗಿಲಿಗೆ ಬಂದು ಕೂಗುವವಳು, ಈಗ ಅದನ್ನೂ ಬಿಟ್ಟಿದ್ದಳು. ತಲೆತಿನ್ನುವುದು ಕಮ್ಮಿಯಾಯಿತಲ್ಲ ಎಂದುಕೊಂಡ ದೇವರಾಜ. ಅಡಿಗೆಮನೆಗೆ ಅವನು ತಟ್ಟೆ ಇಡಲು ಬಿಟ್ಟರೆ ಬೇರೆ ಯಾತಕ್ಕೂ ಹೋದವನಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಮಂಜುಶ್ರೀಗೆ ಫೋನು ಮಾಡಿದ. "ನಲ್ಲೀಲಿ ನೀರು ಬಂತು" ಎಂದ.

"ನಿಜ್ವಾಗ್ಲೂನಾ? ಟ್ಯಾಂಕರ್ ಹಾಕ್ಸಿ ಹೇಳ್ತಾ ಇಲ್ಲ ತಾನೆ?"

"ಇಲ್ಲ ಕಣೇ. ಸರ್ಕಾರದೋರೇ ನೋಡೋಕ್ ಬರ್ತಾ ಇದ್ದಾರೆ. ಬಾ, ನೀನೇ ತಿರುಗಿಸಿ ನೋಡು."

"ಮಧ್ಯಾಹ್ನದ ಬಸ್ಸಿಗೆ ಬರ್ತೀನಿ" ಎಂದಳು. ಅವಳ ದನಿಯಲ್ಲಿ ನಗು ಇತ್ತು. ಆ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೋ! ದೇವರಾಜ ಫೋನನ್ನು ಜೇಬಿಗಿಳಿಸಿ ಒಗೆಯುವ ಕಲ್ಲನ್ನು ಸರಿಸಿದ, ವಾಲ್ವನ್ನು ಬೇಕಾದಷ್ಟೇ ತೆರೆದ. ತೀರ ತೆರೆದರೆ ಎಷ್ಟು ಎತ್ತಿದರೂ ಬೋರಿನ ನೀರು ಕೆಳಗಿಳಿಯುವುದಿಲ್ಲ, ಅದೂ ಅನುಮಾನವೇ. ಮೊದಲು ಚೂರು ಇಳಿಯಬೇಕು, ಆಮೇಲೆ ನಿಲ್ಲಬೇಕು. ಮಚ್ಚೆ ಇರಬೇಕು.

ಪರಮಾನಂದ ಬಂದ, ಪಂಪು ಹಾಕಿಸಿದ, ಬೋರಿನೊಳಗೆ ಅಳತೆಯ ಟೇಪು ಬಿಟ್ಟುಕೊಂಡು ಕೂತ. ನೀರು ಚೂರು ಇಳಿಯಿತು, ನಿಂತಿತು. ಸೂರ್ಯ ನೆತ್ತಿಗೆ ಬಂದರೂ ನಿಂತೇ ಇತ್ತು. ಕಾಲುವೆಯಲ್ಲಿ ಹರಿದುಹೋಗುವ ನೀರನ್ನು ನೋಡಲು ಊರಿನವರೆಲ್ಲ ಸೇರಿದ್ದರು. ನಂಜಪ್ಪನೂ ಬಂದಿದ್ದ, ಎಲೆ ಅಗಿಯುವುದನ್ನು ಮರೆತಿದ್ದ. ಪರಮಾನಂದ ಎದ್ದು, ಪೈಪು ಹೋಗಿದ್ದ ದಿಕ್ಕಿಗೆ ಒಮ್ಮೆ ನೋಡಿ, ಬೋರಿನ ಕಡೆ ಒಮ್ಮೆ ನೋಡಿದ.

"ಕಾವೇರಿ ಲೈನ್ ಇಲ್ಲೇ ಹೋಗ್ಯದಲ್ಲ ದೇವರಾಜ್. ಅದೇನರ ಸೋರಿ ನಿಮ್ಮ ಬೋರಿಗೆ ಬರ್ಲಿಕತ್ತದೋ ಹೆಂಗ?"

ಇದೇ ಪ್ರಶ್ನೆಗೆ ದೇವರಾಜ ಅಷ್ಟು ದಿನದಿಂದ ಕಾದಿದ್ದ. ಒಂದು ಲೋಟ ನೀರು ಹಿಡಿದು ಕೊಟ್ಟ. ಪರಮಾನಂದ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. ಮೀಟರು ಅದ್ದಿದ. ನಂಜಪ್ಪನ ಬೋರಿನ ಅಂಕಿಯೇ!

"ಇಲ್ಲ ಬಿಡ್ರಿ, ಉಪ್ಪುನೀರು. ಲೈನಿಂದಾಗಿದ್ರ ಸಿಹಿ ಇರ್ತಿತ್ತು" ಎಂದು ನಕ್ಕು, ಬಾಟಲಿ ತುಂಬಿಸಿ ಚೀಟಿ ಅಂಟಿಸಿ ಜೀಪಿನ ಪೆಟ್ಟಿಗೆಯಲ್ಲಿಟ್ಟ. ಆಮೇಲೆ ದೇವರಾಜನ ಬೆನ್ನು ತಟ್ಟಿದ. "ಪಾಸ್ ಆತು ನಿಮ್ಮ ಬೋರು."

ಜನ ಹೋ ಎಂದರು. ನಂಜಪ್ಪ ಯಾರಿಗೂ ಹೇಳದೆ ಹೊರಟುಹೋದ. ಅವನ ಬೆನ್ನನ್ನು ನೋಡುತ್ತ ನಿಂತ ದೇವರಾಜನಿಗೆ ಜೀವನದಲ್ಲಿ ಅಷ್ಟು ಹಸಿವಾದದ್ದು ಅದೇ ಮೊದಲು.

ಊಟಕ್ಕೆ ಕೂತರು. ಪರಮಾನಂದ, ಡ್ರೈವರು, ಎದುರಿಗೆ ದೇವರಾಜ. ಕಿಟಕಿಯಾಚೆ ಕೊಟ್ರಪ್ಪ ಬೀಡಿ ಆರಿಸಿ ಜೀಪಿನ ಕಡೆ ನಡೆದದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬೀಡಿ ಹಚ್ಚಿಕೊಂಡು ಹುಣಸೆಮರದ ಕೆಳಗೆ ಕೂತ. ಕೆಲಸ ಮುಗಿದ ಗುರುತು ಅದು. ದೇವರಾಜ ಉದ್ದಕ್ಕೆ ಉಸಿರು ಬಿಟ್ಟು ಅನ್ನ ಕಲೆಸಿದ.

"ಒಂದು ಮಾತು ಹೇಳ್ತೀನಿ ನೋಡ್ರಿ" ಎಂದ ಪರಮಾನಂದ, ಹಪ್ಪಳ ಮುರಿಯುತ್ತ. "ನಿಮ್ಮೂರಿಗೆ ಈ ಕಾವೇರಿ ಲೈನಿಂದನೇ ಒಂದು ಕನೆಕ್ಷನ್ ಕೊಡಬೇಕಂತ ನಾನು ನಕ್ಷಾದಾಗ ಹಾಕಿದ್ದೆ. ನಿಮ್ಮ ಹೊಲದಾಗ ಹಾಯ್ದು ಹೋಗ್ತದ, ನಿಮಗೇ ಇಲ್ಲಂದ್ರ ಅನ್ಯಾಯ ಅಲ್ಲೇನ್ರಿ? ಮ್ಯಾಲಿನವ್ರೂ ಒಪ್ಪಿದ್ರು. ಮುಂದಿನ ವರ್ಷನೇ ಆಗೂದಿತ್ತು. ಈಗ ನಿಮ್ಮ ಬೋರೇ ಸಿಕ್ತಲ್ಲ, ಅದನ್ನ ತೆಗೆದು ಬ್ಯಾರೆ ಊರಿಗೆ ಕೊಡ್ತೀನಿ."

ದೇವರಾಜ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಮುಂದಿನ ವರ್ಷ. ಅಪ್ಪ ಹೆಬ್ಬೆಟ್ಟು ಒತ್ತಿದ ನಲ್ಲಿ, ಹಕ್ಕಿನ ನಲ್ಲಿ, ಕದಿಯದ ನೀರು, ಮುಂದಿನ ವರ್ಷವೇ ತಾನಾಗಿ ಬಾಗಿಲಿಗೆ ಬರುವುದಿತ್ತು. ಥೂ, ಎಂಥ ಹಣೆಬರಹ! ನೀರು ಕುಡಿದು ಮತ್ತೆ ತುತ್ತು ಎತ್ತಿದ. ಆದದ್ದಾಯಿತು, ಹೇಗೋ ನೀರು ಅದೇ ತಾನೆ, ಬರುವ ದಾರಿ ಬೇರೆ ಅಷ್ಟೇ ಎಂದು ಸಮಾಧಾನ ಹೇಳಿಕೊಂಡ. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

ಚಿಕ್ಕಮುನಿಯಮ್ಮ ಮಗ ಹೇಳಿದಂತೆಯೇ ಬಿಡದೆ ಬಡಿಸುತ್ತಿದ್ದಳು. ಎರಡನೆಯ ಸಲ ತೊವ್ವೆ ಹಾಕಿಸಿಕೊಂಡ ಪರಮಾನಂದ ಅದನ್ನು ಬೆರಳಲ್ಲಿ ಹಿಸುಕಿ, ತೊಗರಿ ಬೆಳೆಯುವ ನಾಡಿನವನ ಮೆಚ್ಚುಗೆಯಿಂದ ಹೇಳಿದ: "ಅವ್ವಾ, ನಿಮ್ಮೂರಾಗ ನಾಕು ಮನ್ಯಾಗ ಉಂಡೀನಿ. ಎಲ್ಲಾ ಕಡೆ ಬ್ಯಾಳಿ ಕಲ್ಲಿನಂಗಿತ್ತು. ನಿಮ್ಮದು ಬೆಣ್ಣಿ ಆಗ್ಯದ. ಕ್ಯಾನ್ ನೀರಾಗ ಬೇಯ್ಸೀರೇನು?" ದೇವರಾಜ ಹೂಂ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಕ್ಯಾನ್ ನೀರ್ಯಾಕ್ ಸ್ವಾಮಿ? ನಮ್ಮ ಬೋರಿನ ನೀರೇಯಾ. ಈ ಗಂಗಮ್ಮ ಬಂದ ಮ್ಯಾಕೆ ಬ್ಯಾಳೆಗೆ ಒಂದ್ ಚಿಟಿಕೆ ಸೋಡಾ ಮುಟ್ಟಿಲ್ಲ ನಾನು. ಇವತ್ತಂತೂ ಉಪ್ಪೂ ಕಮ್ಮಿ ಹಿಡೀತು!" ಪರಮಾನಂದನ ಕೈ ತಟ್ಟೆಯಲ್ಲೇ ನಿಂತಿತು. ಅವನು ಎದ್ದು ಅಂಗಳದ ನಲ್ಲಿಗೆ ಹೋಗಿ ಸೋಪು ಉಜ್ಜಿದ. ಆ ಊರಿನ ಯಾವ ನೀರಿನಲ್ಲೂ ಏಳದ ನೊರೆ ಮೊಣಕೈವರೆಗೆ ಎದ್ದಿತು. ಅವನು ನೊರೆಯನ್ನು ನೋಡಿದ, ಪೈಪು ಹೋದ ದಿಕ್ಕನ್ನು ನೋಡಿದ, "ನಿಮ್ಮೂರವ್ರು ಉಪ್ಪು ಅಂತಾರ. ಅದು ಉಪ್ಪಲ್ಲ ದೇವರಾಜ್, ಸುಣ್ಣ. ಬ್ಯಾಳಿ ಬೇಯಲಿಕ್ಕೆ ಬಿಡಂಗಿಲ್ಲ ಅದು. ಕಾವೇರಿ ನೀರಾಗ ಅದು ಇರಂಗಿಲ್ಲ" ಎಂದು ಮೆಲ್ಲಗೆ ಹೇಳಿ, ಡ್ರೈವರನ್ನು ಕರೆದು, ಆ ನಲ್ಲಿಯ ನೀರನ್ನೇ ಹಿಡಿಯಲೆಂದು ಒಂದು ಖಾಲಿ ಬಾಟಲಿ ತರಲು ಹೇಳಿದ. ಗೇಟಿನ ಹತ್ತಿರ ಆಟೋ ನಿಂತಿತು. ಮಂಜುಶ್ರೀ ಬ್ಯಾಗು ಹಿಡಿದು ಇಳಿದು, ನೀರು ಸುರಿಯುತ್ತಿದ್ದ ನಲ್ಲಿಯನ್ನು ನೋಡಿ ನಕ್ಕಳು. ಅಷ್ಟು ವರ್ಷದಲ್ಲಿ ಅದೊಂದು ದಿನ, ಆ ಊರಿನಲ್ಲಿ, ದೇವರಾಜನ ಬೇಳೆ ಬೆಂದಿತ್ತು.